ಥರ್ಮಾಕೋಲ್ ಗದೆ

ದೀಪಾವಳಿಗೆ ಹಿರೋಳ್ಳಿಗೆ ಹೋದಾಗ ಅಕ್ಕನ ಮಗ ಪಡಸಾಲಿಯಲ್ಲಿ ಕೂತು ಥರ್ಮಾಕೋಲ್ ಕೊರೆಯುತ್ತಿದ್ದ. ‘ಏನೋ ಇದು?’ ಅಂದೆ. ‘ದುರ್ಯೋಧನನ ಗದಾ, ಮಾಮಾ. ಕನ್ನಡ ಪ್ರಾಜೆಕ್ಟ್’ ಅಂದ. ‘ಪದ್ಯ ಓದಿದೆಯೇನು?’ ಅಂದರೆ, ‘ಗೈಡಿನಾಗ ಸಾರಾಂಶ ಅದ’ ಅಂತ ನಕ್ಕ.

ಹತ್ತನೇ ತರಗತಿಗೆ ರನ್ನನ ‘ಗದಾಯುದ್ಧ’ದ ಒಂದು ಭಾಗ ಪಾಠವಾಗಿದೆ. ರನ್ನ ಮುಧೋಳದವನು. ಅವನಿಗೆ ಆಶ್ರಯ ಕೊಟ್ಟ ತೈಲಪ ಆಳಿದ್ದು ನಮ್ಮದೇ ಜಿಲ್ಲೆಯ ಮಳಖೇಡದಿಂದ. ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು, ಹಾಗಾಗಿ ಲೆಕ್ಕಕ್ಕೆ ನಾಯಕ ಭೀಮ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಇದನ್ನು ಕಂಡೇ ಬಿ.ಎಂ.ಶ್ರೀ. 1926ರಲ್ಲಿ ರನ್ನನ ಮಾತುಗಳನ್ನೇ ಆಯ್ದು ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದರು. ಗ್ರೀಕರ ರುದ್ರನಾಟಕ ಓದಿದ ಕಣ್ಣಿಗೆ ಇವನು ಬರೀ ಖಳನಾಗಿ ಕಾಣಲಿಲ್ಲ. ನನ್ನ ಕೇಳಿದರೆ ಇದೇ ಕನ್ನಡದ ಒಳ್ಳೆಯ ‘ಪ್ರಾಜೆಕ್ಟ್’. ಕತ್ತರಿಸಿದರು, ಜೋಡಿಸಿದರು, ಆದರೆ ಮೂಲವನ್ನು ಬಿಟ್ಟು ಹೋಗಲಿಲ್ಲ.

ಅಳಿಯನ ತರಗತಿಯ ಉಳಿದ ಪ್ರಾಜೆಕ್ಟುಗಳನ್ನೂ ಅವನ ಮೊಬೈಲಿನಲ್ಲಿ ನೋಡಿದೆ. ದುರ್ಯೋಧನನ ವಾಟ್ಸಾಪ್ ಸ್ಟೇಟಸ್ ಒಂದು, ಭೀಮನ ಸಿನಿಮಾ ಪೋಸ್ಟರ್ ಒಂದು. ಚಂದ ಇದ್ದವು. ಆದರೆ ಹೆಸರು ಬದಲಿಸಿ ಕೀಚಕ ಅಂತ ಹಾಕಿದರೂ ನಡೀತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫ್ರಂಟ್ ಎಂಡ್ ಮಾತ್ರ, ಹಿಂದೆ ಡೇಟಾ ಇಲ್ಲ.

ಒಬ್ಬ ಹುಡುಗಿ ಮಾತ್ರ ಡ್ರಾಯಿಂಗ್ ಶೀಟಿನ ಮೇಲೆ ದಾರಿಯ ನಕ್ಷೆ ಬರೆದಿದ್ದಳು. ರಣರಂಗದಿಂದ ವೈಶಂಪಾಯನ ಸರೋವರದ ತನಕ ದುರ್ಯೋಧನ ನಡೆದ ದಾರಿ. ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಪ್ರತಿ ಹೆಣದ ಹತ್ತಿರ ಒಂದೊಂದು ವಾಕ್ಯ. ಅಭಿಮನ್ಯುವಿನ ಹತ್ತಿರ ಬರೆದಿದ್ದಳು: ‘ವೈರಿ ಮಗನಿಗೂ ಕೈ ಮುಗಿದ. ಹಂಗಾದ್ರ ಇವ ಕೆಟ್ಟವ ಹ್ಯಾಂಗ?’ ಈ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ. ಪಾಠದಲ್ಲಿ ಇಷ್ಟೆಲ್ಲ ಇಲ್ಲ, ಪೂರ್ತಿ ಕತೆ ಹುಡುಕಿ ಓದಿದ್ದಾಳೆ. ಅಂಕ ಜಾಸ್ತಿ ಬಂದದ್ದು ಪೋಸ್ಟರಿಗಂತೆ.

ಆ ರಾತ್ರಿ ಅಳಿಯನ ಜೊತೆ ಪಾಠ ಓದಿದೆ. ಭೀಷ್ಮ ಸಂಧಿ ಮಾಡಿಕೋ ಅನ್ನುತ್ತಾನೆ. ತಾನು ಹೋರಾಡುತ್ತಿರುವುದು ನೆಲಕ್ಕಲ್ಲ, ಛಲಕ್ಕೆ ಅನ್ನುತ್ತಾನೆ ದುರ್ಯೋಧನ. ಕರ್ಣನನ್ನು ಕೊಂದವರು ಬದುಕಿರುವಾಗ ಎಂಥ ಸಂಧಿ, ಕರ್ಣನಿಲ್ಲದ ನೆಲ ತನಗೆ ಪಾಳು ನೆಲ. ಅಳಿಯ ತಲೆಯೆತ್ತಿ, ‘ಮಾಮಾ, ಅಜ್ಜನೂ ಹಿಂಗೇ ಅಂತಿದ್ದನಲ್ಲ?’ ಅಂದ.

ನಾನು ಮಾತಾಡಲಿಲ್ಲ. ಒಂದು ಬದುವಿನ ಸಲುವಾಗಿ ನಮ್ಮಪ್ಪ ಮತ್ತು ಕಾಕಾ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಪಂಚರು ಕೂತು ಅರ್ಧರ್ಧ ಮಾಡಿಕೊಳ್ರಿ ಅಂದಾಗ ಅಪ್ಪ ಎದ್ದು ಬಂದ. ‘ಬದು ಅಲ್ಲೋ, ಮಾತು’ ಅಂದಿದ್ದ. ಅಪ್ಪ ಸತ್ತಾಗ ಕಾಕಾ ಬಂದು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ, ಒಳಗೆ ಬರಲಿಲ್ಲ. ಆ ಬದು ಈಗಲೂ ಇದೆ, ಮೇಲೆ ಜಾಲಿ ಬೆಳೆದಿದೆ.

ಪ್ರಾಜೆಕ್ಟು ಬೇಡ ಅಂತ ನಾನು ಹೇಳುತ್ತಿಲ್ಲ. ದೊಡ್ಡಾಟ ನೋಡಿ ಬೆಳೆದವನು ನಾನು, ಬಣ್ಣ, ವೇಷ, ಕುಣಿತ ಇಲ್ಲದೆ ನನಗೂ ಮಹಾಭಾರತ ದಕ್ಕುತ್ತಿರಲಿಲ್ಲ. ಆದರೆ ಗದೆ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳ್ರಿ: ನಿಮ್ಮ ಮನಿಯಾಗ ಹಿಂಗ ಸೋತವರು ಯಾರಿದ್ದಾರ? ಉತ್ತರ ಬರೆಯಬೇಕಾದರೆ ಹುಡುಗರು ರನ್ನನ ಹತ್ತಿರ ವಾಪಸ್ ಹೋಗಲೇಬೇಕು. ಪರೀಕ್ಷೆಯ ಪ್ರಕಾರ ಹಟ ಕೆಟ್ಟದ್ದು, ಸಂಧಿ ಒಳ್ಳೆಯದು, ಎರಡು ಅಂಕ. ರನ್ನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಟ ತಪ್ಪು ಅಂತ ಗೊತ್ತಿದ್ದೂ ಹಟಮಾರಿಯ ಮೇಲೆ ನಮಗೆ ಕರುಳು ಚುರ್ ಅನ್ನುವಂತೆ ಮಾಡುತ್ತಾನೆ. ದುರಂತ ಅಂದರೆ ಅದೇ.

ಮರುದಿನ ಅಳಿಯ ಗದೆ ಮುಗಿಸಿದ, ಬಂಗಾರದ ಬಣ್ಣ ಹಚ್ಚಿದ. ಹಿಡಿಕೆಯ ಮೇಲೆ ಸಣ್ಣಕ್ಷರದಲ್ಲಿ ಏನೋ ಬರೆದಿದ್ದ. ನೋಡಿದರೆ ನಮ್ಮ ಹೊಲದ ಸರ್ವೆ ನಂಬರು.