ತೋಟದ ಕೋಣೆಯ ನಾಲ್ಕು ತಾಸು

ಮಕ್ಕಳ ಕಾದಂಬರಿ ತಾನೇ, ಬಿಡುವಾದಾಗ ಬರೆದರಾಯಿತು ಎನ್ನುವವರು ರೋಆಲ್ಡ್ ಡಾಲ್ ಅವರ ದಿನಚರಿಯನ್ನೊಮ್ಮೆ ನೋಡಬೇಕು. ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಹಳ್ಳಿಯಲ್ಲಿ, ಮನೆಯ ತೋಟದಲ್ಲಿ ಕಟ್ಟಿಸಿಕೊಂಡ ಪುಟ್ಟ ಕೋಣೆಯೊಳಗೆ ಅವರು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಕೂತು ಬರೆಯುತ್ತಿದ್ದರು.

ಅವರು ಕೂರುತ್ತಿದ್ದ ಏರ್ಪಾಡೇ ನನಗೆ ಬಲು ಇಷ್ಟ. ತಾಯಿಯದಾಗಿದ್ದ ಹಳೆಯ ಕುರ್ಚಿ. ಯುದ್ಧಕಾಲದ ವಿಮಾನ ಅಪಘಾತದಲ್ಲಿ ಪೆಟ್ಟು ತಿಂದ ಬೆನ್ನಿಗೆ ಒತ್ತಬಾರದೆಂದು ಅದರ ಒರಗಿನಲ್ಲೊಂದು ತೂತು. ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಹಸಿರು ಬಟ್ಟೆ ಹೊದಿಸಿದ ಹಲಗೆ, ಅದರ ಮೇಲೆ ಹಳದಿ ಕಾಗದ. ಚಳಿಗಾಲವಾದರೆ ಕಾಲುಗಳು ಸ್ಲೀಪಿಂಗ್ ಬ್ಯಾಗಿನೊಳಗೆ. ಶುರುಮಾಡುವ ಮುನ್ನ ಆರು ಹಳದಿ ಪೆನ್ಸಿಲ್‌ಗಳನ್ನು ಚೂಪಾಗಿ ಹೆರೆದಿಟ್ಟುಕೊಳ್ಳಬೇಕು. ಮನಸ್ಸು ಕಥೆಯೊಳಗೆ ಇಳಿಯುವುದಕ್ಕೆ ಇಂಥ ತಯಾರಿ ಬೇಕೇ ಬೇಕು ಎಂದು ನಾನು ನಂಬುತ್ತೇನೆ.

ಇಷ್ಟು ಸಮಯವನ್ನು ಎತ್ತಿಟ್ಟದ್ದರ ಫಲ ತಿಳಿಯಬೇಕೆಂದರೆ ಅವರ ‘ಮಟಿಲ್ಡಾ’ ಕಾದಂಬರಿ ಓದಬೇಕು. ಮೊದಲ ಕರಡಿನಲ್ಲಿ ಅದರ ನಾಯಕಿಯಾದ ಪುಟ್ಟ ಹುಡುಗಿ ಮಟಿಲ್ಡಾ ತುಂಟಿ, ಕೇಡಿಗಿತ್ತಿ. ಪುಸ್ತಕಗಳನ್ನು ಕಬಳಿಸುವ, ಅನ್ಯಾಯಕ್ಕೆ ಎದುರು ನಿಲ್ಲುವ ಈಗಿನ ಮಟಿಲ್ಡಾ ಹುಟ್ಟಿದ್ದು ಕಥೆಯನ್ನು ಹೆಚ್ಚುಕಡಿಮೆ ಹೊಸದಾಗಿ ಬರೆದ ಮೇಲೆ. ದೊಡ್ಡವರು ಬೇಸರವಾದರೂ ಲೇಖಕನ ಹೆಸರಿಗೆ ಮರ್ಯಾದೆ ಕೊಟ್ಟು ಹತ್ತು ಪುಟ ಮುಂದೆ ಹೋಗುತ್ತಾರೆ; ಮಕ್ಕಳು ಪುಸ್ತಕ ಮುಚ್ಚಿ ಆಟಕ್ಕೆ ಓಡುತ್ತಾರೆ. ಅದನ್ನು ಬಲ್ಲ ಡಾಲ್, ಬರೆದದ್ದನ್ನು ಬದಿಗಿಟ್ಟು ಮತ್ತೆ ಪೆನ್ಸಿಲ್ ಹಿಡಿದರು. 1988ರಲ್ಲಿ ಕಾದಂಬರಿ ಹೊರಬಂದಾಗ ಅವರಿಗೆ 72 ವರ್ಷ.