ಬ್ರಾಯ್ಲರ್ ಕೋಳಿಯ ಬೇಗೆಗೆ ಪುಡಿಯೊಂದೇ ಮದ್ದೆ?

ಬೇಸಿಗೆ ಬಂತೆಂದರೆ ಎಲೆಕ್ಟ್ರೊಲೈಟ್ ಪೊಟ್ಟಣಗಳು ಕೋಳಿಗಳ ಉಷ್ಣ ಒತ್ತಡವನ್ನು ನೀಗಿಸುವ ಭರವಸೆ ಕೊಡುತ್ತವೆ. ಇದು ಅರ್ಧಸತ್ಯ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ದೇಹದ ತಾಪ ಸುಮಾರು 41° ಸೆ. ಸುತ್ತಲಿನ ಗಾಳಿಯ ತಾಪ ಇದನ್ನು ಸಮೀಪಿಸಿದಾಗ, ಏದುಸಿರಿನ ಮೂಲಕ ನೀರನ್ನು ಆವಿಯಾಗಿಸುವುದೇ ಉಷ್ಣವನ್ನು ಹೊರಹಾಕುವ ಮುಖ್ಯ ದಾರಿ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2400 ಜೂಲ್ ಉಷ್ಣ ಹೋಗುತ್ತದೆ. ಆದರೆ ಏದುಸಿರಿನಿಂದ ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ನಷ್ಟವಾಗಿ ರಕ್ತದ ಪಿಎಚ್ ಏರುತ್ತದೆ. ಸೂಕ್ತ ಲವಣಗಳು ಈ ಅಸಮತೋಲನವನ್ನು ತಗ್ಗಿಸಲು, ಕೋಳಿ ಹೆಚ್ಚು ನೀರು ಕುಡಿಯಲು ನೆರವಾಗುತ್ತವೆ. ಅಷ್ಟರ ಮಟ್ಟಿಗೆ ಅವು ಉಪಯುಕ್ತ.

ಉಷ್ಣವನ್ನು ಹೊರಗೊಯ್ಯುವುದು ಮಾತ್ರ ಗಾಳಿ, ಪುಡಿಯಲ್ಲ. ಮಂಗಳೂರಿನಂಥ ಆರ್ದ್ರ ಕರಾವಳಿಯಲ್ಲಿ ಆವಿಯಾಗುವಿಕೆಯೇ ನಿಧಾನ. ಆದ್ದರಿಂದ ಗಾಳಿಯಾಟ, ಛಾವಣಿಯ ಉಷ್ಣನಿರೋಧ, ಕಡಿಮೆ ದಟ್ಟಣೆ ಮೊದಲು, ಪೊಟ್ಟಣ ಆನಂತರ. ಇದನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕಲ್ಲವೆ?