ಎರಡನೇ ನೌಕರಿಯ ಬೋಗಿಗಳು

ಜನವಾಡದಲ್ಲಿ ಕೂತು ನ್ಯೂಯಾರ್ಕಿನ ಮೇಲ್ಸೇತುವೆ ರೈಲಿನ ಬಗ್ಗೆ ಬರೆಯುವುದೇ ಎಂದು ನಗಬೇಡಿ. ಔರಾದಿಗೆ ಇನ್ನೂ ರೈಲೇ ಬಂದಿಲ್ಲ, ನಿಜ. ಆದರೆ ಭಾಲ್ಕಿಯ ಪಟರಿಯ ಮೇಲೆ ನಾವು ಕಂಡ ನೀಲಿ ಬೋಗಿಗೂ ಬ್ರೂಕ್ಲಿನ್ನಿನ ಮರದ ಬೋಗಿಗೂ ಹಣೆಬರಹ ಒಂದೇ. ಜನರನ್ನು ಹೊತ್ತು ಹಣ್ಣಾದ ಮೇಲೂ ಎರಡಕ್ಕೂ ದುಡಿಮೆ ತಪ್ಪಲಿಲ್ಲ.

ಮೊದಲು ನಮ್ಮದು. ಪೆರಂಬೂರಿನ ಐಸಿಎಫ್ ಕಾರ್ಖಾನೆ 1955ರಲ್ಲಿ ಆರಂಭವಾಯಿತು. ಅಲ್ಲಿ ತಯಾರಾದ ಹಳೆ ಮಾದರಿಯ ಬೋಗಿಗಳು ಇಪ್ಪತ್ತು–ಇಪ್ಪತ್ತೈದು ವರ್ಷ ಪ್ರಯಾಣಿಕರನ್ನು ಹೊತ್ತ ಮೇಲೆ ಎಲ್ಲವೂ ಗುಜರಿ ಸೇರುವುದಿಲ್ಲ. ಅನೇಕವು ‘ಎನ್‌ಎಂಜಿ’ ಎಂಬ ಹೊಸ ಗುರುತು ಹಚ್ಚಿಕೊಂಡು ಕಾರು, ಟ್ರ್ಯಾಕ್ಟರ್ ಸಾಗಿಸುತ್ತವೆ. ಸೀಟು, ಶೌಚಾಲಯ ಕಿತ್ತು, ಕಿಟಕಿಗಳ ಮೇಲೆ ತಗಡು ಬೆಸೆದು, ಎರಡೂ ತುದಿಗೆ ಅಗಲ ಬಾಗಿಲು ಇಟ್ಟಿರುತ್ತಾರೆ. ಒಂದು ತುದಿಯಿಂದ ಹತ್ತಿದ ಕಾರು ಬೋಗಿಯಿಂದ ಬೋಗಿಗೆ ಹಾದು ಮುಂದಿನವರೆಗೂ ಹೋಗಬಹುದು. ಹತ್ತಿರ ನಿಂತು ನೋಡಿದರೆ ಬೆಸುಗೆಯ ಗೆರೆಯಡಿ ಹಳೆಯ ಕಿಟಕಿಗಳ ಸಾಲು ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಇಂಥ ಗುರುತುಗಳೇ ನನ್ನಂಥ ಬೋಗಿ ಹುಚ್ಚರಿಗೆ ಹಬ್ಬ.

ಈಗ ಬ್ರೂಕ್ಲಿನ್ನಿಗೆ ಹೋಗೋಣ. ಅಲ್ಲಿ 1903–07ರ ಸುಮಾರಿಗೆ ಬಂದ ಬೋಗಿಗಳ ತುದಿಗೆ ತೆರೆದ ಕಟ್ಟೆ, ಅದಕ್ಕೊಂದು ಕಬ್ಬಿಣದ ಗೇಟು ಇತ್ತು. ಎರಡು ಬೋಗಿಗಳ ನಡುವೆ ನಿಂತ ಗಾರ್ಡ್ ಸನ್ನೆಗೋಲು ಎಳೆದು ಗೇಟು ತೆಗೆಯಬೇಕಿತ್ತು. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಜನ ಸಾಗಿಸಲು ಅವುಗಳಲ್ಲಿ ಕೆಲವಕ್ಕೆ ಕಟ್ಟೆ ಮುಚ್ಚಿ, ಜಾರುವ ಬಾಗಿಲು ಹಾಕಿ, ಕಿತ್ತಳೆ–ನೀಲಿ ಬಣ್ಣ ಬಳಿದರು. ಮೇಳ ಮುಗಿದ ಮೇಲೂ ಬಿಡುವು ಸಿಗಲಿಲ್ಲ. ಮ್ಯಾನ್‌ಹಟನ್ನಿನ ಥರ್ಡ್ ಅವೆನ್ಯೂ, ಆಮೇಲೆ ಬ್ರೂಕ್ಲಿನ್ನಿನ ಮರ್ಟಲ್ ಅವೆನ್ಯೂ ಮಾರ್ಗಗಳಲ್ಲಿ ದುಡಿದು 1969ರಲ್ಲಷ್ಟೇ ನಿವೃತ್ತಿಯಾದವು.

ಇನ್ನೊಂದು ಗುಂಪು ಇನ್ನೂ ದೂರ ಹೋಯಿತು. ಉಗಿ ಎಂಜಿನ್ನಿನ ಹಿಂದೆ ಓಡಲೆಂದು 1887ರಲ್ಲಿ ಮಾಡಿದ ನ್ಯೂಯಾರ್ಕಿನ ಬೋಗಿಗಳು ಎರಡನೇ ಮಹಾಯುದ್ಧದ ಹೊತ್ತಿಗೆ ಕ್ಯಾಲಿಫೋರ್ನಿಯಾ ಸೇರಿ, ರಿಚ್ಮಂಡ್ ಹಡಗುಕಟ್ಟೆಯ ಕಾರ್ಮಿಕರನ್ನು ಹೊತ್ತವು. ಆ ಹಡಗುಕಟ್ಟೆಗಳಿಂದ ಯುದ್ಧಕಾಲದಲ್ಲಿ 747 ಹಡಗುಗಳು ನೀರಿಗಿಳಿದವು. ಅಂದಿನ ಎರಡು ಬೋಗಿಗಳು, 561 ಮತ್ತು 563, ಅಲ್ಲಿಯ ವೆಸ್ಟರ್ನ್ ರೈಲ್ವೆ ಮ್ಯೂಸಿಯಂನಲ್ಲಿವೆ.

ನನ್ನ ತಕರಾರು ಇರುವುದು ಮ್ಯೂಸಿಯಂಗಳ ಮೇಲೆ. ಬ್ರೂಕ್ಲಿನ್ನಿನ ಮೂರು ಬೋಗಿಗಳನ್ನು 1979ರಲ್ಲಿ ಮತ್ತೆ ಗೇಟಿನ ಬೋಗಿಗಳನ್ನಾಗಿ ಮಾಡಿದರು. ನೋಡಲು ಚೆಂದವೇ. ಆದರೆ ಮೂವತ್ತು ವರ್ಷದ ಎರಡನೇ ದುಡಿಮೆ ಅಳಿಸಿಹೋಯಿತು. ಜಾರುವ ಬಾಗಿಲ ಸಮೇತ ಉಳಿಸಿದ ಅವುಗಳ ಸೋದರಿ 1612ಸಿ ನನ್ನ ಕಣ್ಣಿಗೆ ಆ ಮೂರಕ್ಕಿಂತ ಮಿಗಿಲು.

ನಮ್ಮಲ್ಲೂ ಈ ಬುದ್ಧಿ ಬರಲಿ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಮಹಾರಾಣಿಯ ಸಲೂನ್ ಇದೆ, ಇರಲಿ. ಅದರ ಪಕ್ಕದಲ್ಲೋ ಹುಬ್ಬಳ್ಳಿಯ ಮ್ಯೂಸಿಯಂನಲ್ಲೋ ಬೆಸುಗೆ ಮರೆಮಾಚದ ಒಂದು ಎನ್‌ಎಂಜಿ ಬೋಗಿಗೂ ಜಾಗ ಸಿಗಬೇಕು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಹೊರಟ ನಮ್ಮ ಮೆಟ್ರೋ ಬೋಗಿಗಳಿಗೂ ಒಂದು ದಿನ ವಯಸ್ಸಾಗುತ್ತದೆ. ಆಗ ಅವನ್ನು ಏನು ಮಾಡಬೇಕೆಂದು ಈಗಲೇ ಯೋಚಿಸುವುದು ಒಳ್ಳೆಯದು. ಅಲ್ಲಿಯವರೆಗೆ ರೈಲ್ವೆ ಗೇಟಿನಲ್ಲಿ ಕಾರು ಹೊತ್ತ ಗಾಡಿ ಎದುರಾದರೆ ಬೈಕಿನ ಎಂಜಿನ್ ಆರಿಸಿ, ಕಿಟಕಿಗಳಿದ್ದ ಜಾಗ ಹುಡುಕಿ ನೋಡಿ.